ಕಳ್ಳ ಬಂದ್ರೂ ತಳ್ಕೊಂಡು ಹೋಗ್ಲಿ

ಚಿಕ್ಕವ ಕಾರಿನ ಕೀ ತಿರುಗಿಸಿದ. ಕೆಂಪು ದೀಪ ಹತ್ತಿತು, ಅದರ ಪಕ್ಕದ ಹಳದಿ ಹೀಟರ್ ದೀಪ ಮಾತ್ರ ಹತ್ತಲಿಲ್ಲ. ಹಳೇ ಡೀಸೆಲ್ ಕಾರು. ಬೆಳಗಿನ ಚಳಿಯಲ್ಲಿ ಹೊಟ್ಟೆ ಬೆಚ್ಚಗಾಗದೆ ಏಳುವ ಜಾತಿಯದಲ್ಲ. ಮೆಟ್ಟಿಲ ಮೇಲೆ ನಿಂತಿದ್ದ ದೊಡ್ಡವ ಮೀಸೆಯಡಿ ನಕ್ಕ.

ಅಣ್ಣತಮ್ಮಂದಿರು ಮಾತು ಬಿಟ್ಟು ತಿಂಗಳಾಗಿತ್ತು. ತೀರಿಹೋದ ಅಪ್ಪನ ಕಾರು ಯಾರ ಕೈಯಲ್ಲಿರಬೇಕು ಎನ್ನುವುದೇ ಜಗಳ. ನಿನ್ನೆ ಅಮ್ಮನ ಕಣ್ಣಿನ ಆಪರೇಷನ್ ಇತ್ತು. ಇವರ ಸಹವಾಸವೇ ಬೇಡವೆಂದು ಅವಳು ಟ್ಯಾಕ್ಸಿಯಲ್ಲಿ ಒಬ್ಬಳೇ ಆಸ್ಪತ್ರೆಗೆ ಹೋಗಿದ್ದಳು. ಇವತ್ತು ಪಟ್ಟಿ ಬಿಚ್ಚುತ್ತಾರೆ. ವರ್ಷಗಟ್ಟಲೆ ಮಂಜಾಗಿದ್ದ ಆ ಕಣ್ಣಿಗೆ ಮೊದಲು ಬೀಳುವ ಮುಖ ತನ್ನದೇ ಆಗಬೇಕೆಂದು ಇಬ್ಬರಿಗೂ ಆಸೆ. ಇಬ್ಬರಿಗೂ ತಲೆ ನರೆಯುತ್ತಾ ಬಂದಿದೆ. ಬುದ್ಧಿ ಮಾತ್ರ ಇನ್ನೂ ಚಡ್ಡಿಯಲ್ಲೇ ಇದೆ.

ಅಪ್ಪನಿಗೆ ಒಂದು ಚಟವಿತ್ತು. ಪರಸ್ಥಳಕ್ಕೆ ಹೋಗುವಾಗಲೆಲ್ಲ ಕಾರಿನಿಂದ ಏನಾದರೊಂದು ಸಣ್ಣ ಸಾಮಾನು ಕಿತ್ತಿಟ್ಟು ಹೋಗುತ್ತಿದ್ದರು. "ಕಳ್ಳ ಬಂದ್ರೂ ತಳ್ಕೊಂಡು ಹೋಗ್ಲಿ" ಎನ್ನುತ್ತಿದ್ದರು. ಆ ವಿದ್ಯೆ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ.

ದೊಡ್ಡವ ಇಳಿದು ಬಂದು, ಗಂಟಲು ಸರಿ ಮಾಡಿಕೊಂಡು, ತಮ್ಮನಿಗೆ ಬೆನ್ನು ತಿರುಗಿಸಿ ಫ್ಯೂಸ್ ಡಬ್ಬಿಗೆ ಕೈ ಹಾಕಿದ. ಜೇಬಿನಿಂದ ಏನೋ ತೆಗೆದು ಸಿಕ್ಕಿಸಿದ. ಹಳದಿ ದೀಪ ಹತ್ತಿತು. ತಮ್ಮನನ್ನು ಎಬ್ಬಿಸಿ, ತಾನು ರಾಜನ ಹಾಗೆ ಕೂತು ಕೀಯನ್ನು ಪೂರ್ತಿ ತಿರುಗಿಸಿದ. ಕಾರು ಟಕ್ ಎನ್ನಲಿಲ್ಲ, ಟಿಕ್ ಎನ್ನಲಿಲ್ಲ.

"ಇನ್ನೇನು ಕಿತ್ತಿಟ್ಟಿದ್ದೀಯೋ?" ತಿಂಗಳ ಮೌನ ಮುರಿದದ್ದು ಈ ಮಾತಿನಿಂದ.

"ಬ್ಯಾಟರಿ ವೈರು ಒಂದೇ! ಅದನ್ನ ಬೆಳಿಗ್ಗೆ ಎದ್ದ ತಕ್ಷಣ ಹಾಕ್ಬಿಟ್ಟೆ" ಎಂದ ಚಿಕ್ಕವ ನಾಲಿಗೆ ಕಚ್ಚಿಕೊಂಡ. ಮರುಕ್ಷಣವೇ ಕಣ್ಣು ಕಿರಿದು ಮಾಡಿದ. "ಓಹೋ, ಹೀಟರ್ ಫ್ಯೂಸ್ ಕಿತ್ತಿದ್ದು ನೀನಾ?"

"ನಾನೇ. ಹಾಕಾಯ್ತಲ್ಲ! ಮತ್ತೆ ಸ್ಟಾರ್ಟರ್ ಯಾಕೆ ಉಸಿರೆತ್ತಲ್ಲ?"

ಇಬ್ಬರೂ ಬಾನೆಟ್ಟಿನೊಳಗೆ ತಲೆ ತೂರಿಸಿದರು. ಒಬ್ಬ ವೈರು ಹಿಡಿದು ಎಳೆದ, ಇನ್ನೊಬ್ಬ ಬಲ್ಬಿಗೆ ವೈರು ಸುತ್ತಿ ಕರೆಂಟ್ ಎಲ್ಲಿಯವರೆಗೆ ಬರುತ್ತಿದೆ ಎಂದು ಹುಡುಕಿದ. ಕೊನೆಗೆ ದೊಡ್ಡವನ ಬೆರಳು ಒಂದು ಖಾಲಿ ಜಾಗದಲ್ಲಿ ನಿಂತಿತು.

"ಇಲ್ಲಿ ಸ್ಟಾರ್ಟರಿಗೆ ಕರೆಂಟ್ ಕೊಡೋ ಬೆಂಕಿಪೊಟ್ಟಣದಷ್ಟು ಕರೀ ರಿಲೇ ಇರ್ಬೇಕಲ್ಲ. ಎಲ್ಲೋ?"

"ಅಮ್ಮನಾಣೆ ನಾನಲ್ಲ."

"ಅಮ್ಮನಾಣೆ ನಾನೂ ಅಲ್ಲ. ಮತ್ತೇನು, ಇಲಿ ತಗೊಂಡು ಹೋಯ್ತಾ?"

"ನಮ್ಮನೇ ಇಲಿ ಅಲ್ವಾ, ಅದೂ ಅಪ್ಪನ್ನ ನೋಡಿ ಕಲ್ತಿರತ್ತೆ" ಎಂದ ಚಿಕ್ಕವ. ದೊಡ್ಡವನಿಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಮತ್ತೆ ಮುಖ ಗಂಟಿಕ್ಕುವುದಾದರೂ ಹೇಗೆ?

"ಹೊತ್ತಾಯ್ತು. ತಳ್ಳೋಣ" ಎಂದ ದೊಡ್ಡವ. "ನೀನು ಕೂತ್ಕೋ. ಕ್ಲಚ್ ಬಿಡೋಕೆ ನಿನ್ನ ಕಾಲೇ ಸರಿ. ನಾನು ಬಿಟ್ರೆ ಎಗರಿ ನಿಂತ್ಬಿಡುತ್ತೆ."

ಚಿಕ್ಕವ ಅಣ್ಣನ ಮುಖವನ್ನೇ ನೋಡಿದ. ಇಷ್ಟು ವರ್ಷದಲ್ಲಿ ಅಣ್ಣ ಇಂಥ ಮಾತು ಆಡಿದ್ದೇ ಇಲ್ಲ. ಹೋಗಿ ಸ್ಟೀರಿಂಗ್ ಹಿಂದೆ ಕೂತ.

ದೊಡ್ಡವ ಹೊಟ್ಟೆ ಹೊತ್ತುಕೊಂಡು ತಳ್ಳಿದ. ಗೇಟು ದಾಟಿತು, ಬೀದಿಯ ಇಳಿಜಾರು ಸಿಕ್ಕಿತು, ಚಿಕ್ಕವ ಕ್ಲಚ್ ಬಿಟ್ಟ. ಕಾರು ಒಮ್ಮೆ ಕೆಮ್ಮಿ, ಕರೀ ಹೊಗೆ ಕಾರಿ, ಗುಡುಗುಡು ಎಂದು ಓಡಿಯೇಬಿಟ್ಟಿತು. ಓಡಿತು ಎಂದರೆ, ಓಡಿಯೇ ಹೋಯಿತು. ದೊಡ್ಡವ ಹೊಗೆಯ ನಡುವೆ ಏದುಸಿರು ಬಿಡುತ್ತಾ ನಿಂತ. ಕೈಯಾರೆ ತಳ್ಳಿ ಕಳಿಸಿದೆನಲ್ಲ, ಇನ್ನು ಅಮ್ಮ ಮೊದಲು ನೋಡುವುದು ಅವನ ಮುಖವನ್ನೇ ಎಂದು ಹಣೆ ಚಚ್ಚಿಕೊಂಡ.

ತಿರುವಿನಲ್ಲಿ ಕಾರು ನಿಂತಿತು. ಹಾರ್ನ್ ಮೇಲೆ ಹಾರ್ನ್.

"ಬೇಗ ಬಾ ಅಣ್ಣಾ! ಆಫ್ ಆದ್ರೆ ಮತ್ತೆ ನೀನೇ ತಳ್ಳಬೇಕು!"

ಓಡಿದ ದೊಡ್ಡವನ ಒಂದು ಚಪ್ಪಲಿ ಬೀದಿಯಲ್ಲೇ ಉಳಿಯಿತು. ಅದಕ್ಕಾಗಿ ಅವನು ಹಿಂದೆ ತಿರುಗಿಯೂ ನೋಡಲಿಲ್ಲ. ಆಸ್ಪತ್ರೆಯ ಹತ್ತಿರ ಹುಡುಕಿ ಹುಡುಕಿ ಒಂದು ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಇಬ್ಬರೂ ಒಳಗೆ ಓಡಿದರು.

ಡಾಕ್ಟರಮ್ಮ ಪಟ್ಟಿಯ ಕೊನೆಯ ಸುತ್ತು ಬಿಚ್ಚುತ್ತಿದ್ದರು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಮಂಚದ ಮುಂದೆ ನಿಂತರು. ಅಮ್ಮ ರೆಪ್ಪೆ ಬಡಿದಳು. ಮತ್ತೊಮ್ಮೆ ಬಡಿದಳು. ಮೂಗಿನ ತುದಿಯಿಂದ ಕಿವಿಯವರೆಗೆ ಗ್ರೀಸ್ ಮೆತ್ತಿಕೊಂಡ ಎರಡು ಮುಖಗಳು ಹಲ್ಲು ಕಿರಿಯುತ್ತಿದ್ದವು.

"ಅಯ್ಯೋ, ನಿಮ್ಮ ಮುಖ ನೋಡೋಕಾ ನಾನು ಆಪರೇಷನ್ ಮಾಡಿಸ್ಕೊಂಡಿದ್ದು!" ಎಂದು ನಕ್ಕಳು. ಇಬ್ಬರ ಕೆನ್ನೆಯನ್ನೂ ಸವರಿದಳು. ಅವಳ ಕೈಯೂ ಕಪ್ಪಾಯಿತು. "ಒಟ್ಟಿಗೇ ಬಂದ್ರಲ್ಲ, ಅಷ್ಟು ಸಾಕು. ತಳ್ಳಿದ್ದು ಯಾರು?"

"ನಾನು" ಎಂದ ದೊಡ್ಡವ. ಆಮೇಲೆ ಬೆಚ್ಚಿದ. "ತಳ್ಳಿದ್ದು ನಿನಗೆ ಹೇಗಮ್ಮ ಗೊತ್ತು?"

ಅಮ್ಮ ದಿಂಬಿನ ಕೆಳಗಿಂದ ತನ್ನ ಕನ್ನಡಕದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಕನ್ನಡಕವಿರಲಿಲ್ಲ, ಬೆಂಕಿಪೊಟ್ಟಣದಷ್ಟು ಕರೀ ರಿಲೇ ಬೆಚ್ಚಗೆ ಮಲಗಿತ್ತು. ಚಿಕ್ಕವ ಕೈ ಚಾಚುವಷ್ಟರಲ್ಲಿ ಮುಚ್ಚಳ ಟಪ್ ಎಂದು ಮುಚ್ಚಿಕೊಂಡಿತು.

"ಇರ್ಲಿ ಬಿಡು, ನನ್ನ ಹತ್ರಾನೇ ಇರ್ಲಿ" ಎಂದಳು ಅಮ್ಮ, ಡಬ್ಬಿಯನ್ನು ಚೀಲದೊಳಕ್ಕೆ ತುರುಕುತ್ತಾ. "ವಾಪಸ್ ಹೋಗುವಾಗ ಚಿಕ್ಕವನು ತಳ್ಳಲಿ."