ಹಗುರದ ಮೆಷಿನ್

“ಇದು ಆಟದ ಸಾಮಾನು!” ಹುಲ್ಲು ಕತ್ತರಿಸುವ ಹಗುರ ಮೆಷಿನನ್ನು ಮಾವ ಪಕ್ಕಕ್ಕೆ ತಳ್ಳಿದರು. ಸೊಸೆಗೆ ತಲೆ ಚಿಟ್ಟು ಹಿಡಿಯಿತು. ಮೈದಾನಗಳ ಹುಲ್ಲು ಕತ್ತರಿಸುವ ಕೆಲಸ ಇಬ್ಬರದೂ. ಬೆಳಗಿನಿಂದ ಅಂಗಡಿ ಅಂಗಡಿ ಅಲೆದದ್ದಾಗಿತ್ತು.

“ನಿಮ್ಮ ಭುಜನೋವಿಗೆ ಇದೇ ಸರಿ ಮಾವ. ಎಷ್ಟು ಸಲ ಬಡ್ಕೊಳ್ಳಲಿ?”

“ನನಗೇನು ಧಾಡಿ?” ಎನ್ನುತ್ತ ಅವರು ಎಲ್ಲಕ್ಕಿಂತ ದೊಡ್ಡ ಮೆಷಿನ್‌ನ ಪಟ್ಟಿಯನ್ನು ಹೆಗಲಿಗೇರಿಸಿ ಒಮ್ಮೆ ಬೀಸಿದರು. ಮತ್ತೆ ಬೀಸಲು ಹೋದಾಗ ಬಲಗೈ ಮೇಲೇಳಲೇ ಇಲ್ಲ. ತುಟಿ ಕಚ್ಚಿ ಅಂಗಡಿಯವನತ್ತ ತಿರುಗಿದರು. “ಇವಳಿಗೆ ಇದು ಭಾರ ಆಗುತ್ತೆ ಕಣಪ್ಪ. ಹಗುರದ್ದೇ ಕೊಡು.”

‘ನಾನು ಹೇಳಲಿಲ್ವಾ’ ಎಂಬ ಮಾತು ಸೊಸೆಯ ನಾಲಿಗೆ ತುದಿಗೆ ಬಂದಿತ್ತು. ಆದರೆ ನುಂಗಿಕೊಂಡಳು. ಅವರ ಹೆಗಲಿನ ಪಟ್ಟಿ ಬಿಚ್ಚಿ, ಆ ದೊಡ್ಡ ಮೆಷಿನನ್ನು ಒಂದೇ ಕೈಯಲ್ಲಿ ಕೆಳಗಿಳಿಸುತ್ತ ಹೇಳಿದಳು: “ಹೌದು ಮಾವ, ನನ್ನ ಕೈಲಾಗಲ್ಲ.”