ಗಾಳಿ ಪೈಪಿನ ಬಟ್ಟೆ

ಡೀಸೆಲ್ ಮೆತ್ತಿದ ಬಟ್ಟೆಯ ವಾಸನೆಗೆ ಈಗಲೂ ವಿಜಯನಗರದ ಆ ಮಧ್ಯಾಹ್ನ ನೆನಪಾಗುತ್ತದೆ.

ಆಯುಧಪೂಜೆಗೆ ಅಪ್ಪನ ಹಳೇ ಡೀಸೆಲ್ ಕಾರು ತೊಳೆಯುವಾಗ, ಇಂಜಿನ್ನಿಗೆ ಗಾಳಿ ಹೋಗುವ ಪೈಪಿಗೆ ನೀರು ಸೇರದಿರಲೆಂದು ನಾನು ಬಟ್ಟೆ ತುರುಕಿದ್ದೆ, ತೆಗೆಯಲು ಮರೆತೆ. ಮರುದಿನ ಅಣ್ಣ ಓಡಿಸಿದಾಗ ಕಾರು ಕಪ್ಪು ಹೊಗೆ ಉಗುಳುತ್ತ ಮನೆ ಮುಂದಿನ ಏರಿನಲ್ಲೇ ನಿಂತುಬಿಟ್ಟಿತು. ಅವನು ಡೀಸೆಲ್ ಫಿಲ್ಟರ್ ಬಿಚ್ಚಿ ನೋಡಿ ಮತ್ತೆ ಜೋಡಿಸಿದ.

“ಪಿಕಪ್ಪೇ ಇಲ್ಲ ಕಣೇ, ಉಸಿರು ಕಟ್ದಂಗಿದೆ,” ಅಂದ.

ಥಟ್ಟನೆ ನನಗೆ ಬಟ್ಟೆ ನೆನಪಾಯಿತು.

“ಯದ್ವಾತದ್ವಾ ಓಡ್ಸಿ ಹಾಳ್ಮಾಡ್ದೆ. ಇನ್ನು ಕೀ ಮುಟ್ಬೇಡ,” ಎಂದು ಅಪ್ಪ ಅವನನ್ನು ಬೈದರು.

ಅಣ್ಣ ನೀರು ಕುಡಿಯಲು, ಅಪ್ಪ ಚಪ್ಪಲಿ ಹಾಕಿಕೊಳ್ಳಲು ಒಳಗೆ ಹೋದಾಗ ಪೈಪಿನಿಂದ ಬಟ್ಟೆ ಎಳೆದು ಲಂಗದ ಮರೆಯಲ್ಲಿಟ್ಟುಕೊಂಡೆ. ಅಪ್ಪ ಒಂದು ಸುತ್ತು ಓಡಿಸಿ ಬಂದು, “ನನ್ ಕೈಲಿ ಹೆಂಗೆ ಹತ್ತುತ್ತೆ ನೋಡು!” ಎಂದರು.

ಗೇಟಿನ ಬಳಿ ಒಬ್ಬನೇ ನಿಂತಿದ್ದ ಅಣ್ಣ ಮಸಿಯಾದ ಕೈ ಚಾಚಿ, “ಒರೆಸ್ಕೊಳ್ಳೋಕೆ ಬಟ್ಟೆ ಇದ್ರೆ ಕೊಡೇ,” ಎಂದ.

ಇಲ್ಲ ಅಂದೆ.