ಹೊಗೆ ನಿಂತ ಕಾರು

ತೊಂಬತ್ತೈದರ ಡಿಸೆಂಬರಿನ ಒಂದು ಆದಿತ್ಯವಾರ ಮಧ್ಯಾಹ್ನ ನಾನು ಪಾಣೆಮಂಗಳೂರಿನ ನಮ್ಮ ಅಂಗಳದಲ್ಲಿ, ಹಳೆಯ ಅಂಬಾಸಿಡರಿನ ಎಡಬಾಗಿಲಿಗೆ ಒರಗಿ ನಿಂತಿದ್ದೆ. ಬಿ.ಸಿ.ರೋಡಿನಲ್ಲಿ ಸುಟ್ಟ ಆಯಿಲ್ ವಾಸನೆ ಬಂದರೆ ಈಗಲೂ ಮನಸ್ಸಿನಲ್ಲಿ ಆ ಅಂಗಳಕ್ಕೇ ಹೋಗಿ ನಿಲ್ಲುತ್ತೇನೆ.

ಓಡಿ ಓಡಿ ಸವೆದ ಇಂಜಿನ್ ನೀಲಿ ಹೊಗೆ ಉಗುಳುತ್ತಿತ್ತು. ಅಪ್ಪ ಅದರಲ್ಲಿದ್ದ ಆಯಿಲ್ ಇಳಿಸಿ, ಲಾರಿಗೆ ಹಾಕುವ ದಪ್ಪ ಆಯಿಲ್ ಸುರಿದರು. ಅದು ಜೋನಿಬೆಲ್ಲದ ಹಾಗೆ ನಿಧಾನವಾಗಿ, ಎಳೆ ಕಡಿಯದೆ ಇಳಿಯಿತು. ಸ್ಟಾರ್ಟ್ ಮಾಡಿದರೆ ಹೊಗೆಯೇ ಇಲ್ಲ.

"ಹೊಗೆ ಎಲ್ಲಿ ಹೋಯಿತಪ್ಪ?"

"ಬಾಯಿ ಮುಚ್ಚು ಮಾರಾಯ. ಜನ ಬರುವ ಹೊತ್ತು."

ಕಾರು ಕೊಳ್ಳಲು ಘಟ್ಟದ ಬುಡದ ನೆರಿಯದಿಂದ ಜಿನರಾಜಣ್ಣ ಬಂದರು. ಸ್ಟಾರ್ಟ್ ಮಾಡಿಸಿ, ಹಿಂದೆ ಬಗ್ಗಿ ನೋಡಿ, "ಹೊಗೆಯೇ ಇಲ್ಲ, ಒಳ್ಳೆದುಂಟು. ಹೆಂಡತಿಗೆ ದಿನ ತುಂಬಿದೆ. ನಮ್ಮಲ್ಲಿ ರಾತ್ರಿ ನೋವು ಬಂದರೆ ಗಾಡಿ ಸಿಗುವುದಿಲ್ಲ" ಎಂದರು.

ಅಪ್ಪ ಕೀ ಕೊಟ್ಟರು. ಮಜ್ಜಿಗೆ ತಂದಿದ್ದ ಅಮ್ಮ ಲೋಟ ಹಿಡಿದೇ ಹೇಳಿದಳು:

"ದಪ್ಪ ಆಯಿಲ್ ಹಾಕಿದ್ದಾರೆ ಅಣ್ಣ. ಚಳಿಗೆ ಅದು ಮತ್ತೂ ಗಟ್ಟಿಯಾಗ್ತದೆ, ಸ್ಟಾರ್ಟ್ ಆಗುವುದಿಲ್ಲ. ಹೆರಿಗೆಗೆ ಇದನ್ನು ನಂಬಬೇಡಿ."

ಅಪ್ಪ ನೆಲ ನೋಡಿದರು. ಜಿನರಾಜಣ್ಣ ಕೀಯನ್ನು ಬಾನೆಟ್ ಮೇಲಿಟ್ಟು, ಮಜ್ಜಿಗೆ ಪೂರ್ತಿ ಕುಡಿದು ಹೋದರು.

ಅಂದು ಅಲ್ಲಿದ್ದವರಲ್ಲಿ ಅಪ್ಪ ಈಗಿಲ್ಲ; ಅಮ್ಮ ಇದ್ದಾಳೆ, ಜಿನರಾಜಣ್ಣ ಇದ್ದಾರೆ. ಆ ಚಳಿಯಲ್ಲಿ ಹುಟ್ಟಿದ ಮಗಳ ಮದುವೆಗೆ ಕರೆಯಲು ಮೊನ್ನೆ ಬಂದವರು, ಕೂರುವ ಮೊದಲೇ ಅಮ್ಮನಲ್ಲಿ ಮಜ್ಜಿಗೆ ಕೇಳಿದರು.